ಖಾಲಿ ಮೊಳೆ

ಶಹಾಪುರದ ನಮ್ಮ ಓಣಿಯಲ್ಲಿರುವ ಹಾಶಿಮನ ಗಾದಿ ಅಂಗಡಿಯಲ್ಲಿ ನಾವು ಐವರು ಗೆಳೆಯರು ಚಿತ್ರಪ್ರದರ್ಶನ ಇಟ್ಟಿದ್ದೆವು. ಪರಿಮಳಾಳ ಚಿತ್ರ ಮಾತ್ರ ಬಂದಿರಲಿಲ್ಲ. ಅವಳ ಮೊಳೆ ಖಾಲಿಯಿತ್ತು. ಮುಂಜಾನೆಯಿಂದ ಬಂದವರೆಲ್ಲ ಆ ಮೊಳೆಯ ಮುಂದೆಯೇ ನಿಂತರು.

"ಕೌದಿ ಹೊಲಿಯೋ ಮುದುಕಿ ಭಾಳ ಚಲೋ ಬಂದಾಳ್ರಿ," ಅಂದರು.

ನಾನು ಮೊಳೆಯ ಕೆಳಗಿನ ಬರಿ ಗೋಡೆಯನ್ನು ಮುಟ್ಟಿ ನೋಡಿದೆ. ಅಲ್ಲಿ ಮಾತ್ರ ಬೆಚ್ಚಗಿತ್ತು.

ಮಧ್ಯಾಹ್ನ ಪರಿಮಳಾ ಬಂದು, ಯಾರಿಗೂ ತೋರಿಸದ ತನ್ನ ಮೊದಲ ಚಿತ್ರವನ್ನು ಅದೇ ಮೊಳೆಗೆ ತೂಗುಹಾಕಿದಳು. ಕೌದಿ ಹೊಲಿಯುವ ಮುದುಕಿ.

ಹಾಶಿಮನ ತಾಯಿ ಸುಗರಾಬಿ ದಿಟ್ಟಿಸಿ ನೋಡಿದರು. "ಮುಂಜಾನಿ ಈಕಿ ಕೈಯಾಗ ಸೂಜಿ ಇತ್ತಲ್ಲ, ಎಲ್ಲಿ ಹೋತವ್ವಾ?"

"ಸೂಜಿ ಬರಿಯೋದ ಮರತೀನ್ರಿ, ಖಾಲಾ."

ಗಾದಿಯೊಳಗೆ ಸೂಜಿ ಉಳಿಯಬಾರದೆಂದು ಸುಗರಾಬಿ ದಿನಾ ಸಂಜೆ ಎಣಿಸುತ್ತಾರೆ. ಅಂದು ಒಂದು ಹೆಚ್ಚಿತ್ತು. ಅದಕ್ಕೆ ಪೋಣಿಸಿದ ದಾರದ ತುದಿ ಇನ್ನೂ ಎಂಜಲಿನಿಂದ ತೊಯ್ದಿತ್ತು.