ಒಂದಿಂಚು ಗಿಡ್ಡವಾದ ಕೋಲು

ಒಂದು ಕೋಲಿಗೆ ಎಷ್ಟು ಬೀಳುತ್ತದೆ ಎಂದು ಬಂದವರೆಲ್ಲ ಕೇಳುತ್ತಾರೆ. ಹೇಳುವುದರಲ್ಲಿ ನನಗೆ ಮುಚ್ಚುಮರೆ ಇಲ್ಲ. ಬಳ್ಳಾರಿ ಜಾಲಿಯ ಕಟ್ಟಿಗೆ ಹೊಲದ ಬದುವಿನಲ್ಲಿ ಪುಕ್ಕಟೆ, ಕಡಿದು ತಂದುಕೊಡುವವನಿಗೆ ನೂರು ರೂಪಾಯಿ. ರೆಸಿನ್ ಎಂಬ ಅಂಟು ದ್ರವ, ಅದನ್ನು ಗಾಜಿನಂತೆ ಗಟ್ಟಿಮಾಡುವ ಹಾರ್ಡನರ್ ಸೇರಿ ಆರುನೂರು. ಬಣ್ಣಕ್ಕೆ ಅರವತ್ತು, ಪಾಲಿಶ್ ಪೇಪರಿಗೆ ನಲವತ್ತು, ತುದಿಯ ರಬ್ಬರಿಗೆ ಮೂವತ್ತು. ಕರೆಂಟು ಬೇರೆ. ಮೇಲೆ ನನ್ನ ಐದು ದಿನದ ಕೆಲಸ. ಎರಡು ಸಾವಿರದ ಇನ್ನೂರಕ್ಕೆ ಮಾರುತ್ತೇನೆ. ಸಾಣಾಪುರದ ಕೆರೆ ನೋಡಲು ಬರುವ ಪ್ರವಾಸಿಗರು ಎರಡು ಮಾತಾಡದೆ ಒಯ್ಯುತ್ತಾರೆ. ನಿಜವಾಗಿ ಕೋಲು ಬೇಕಾದವರು ಮಾತ್ರ ಚೌಕಾಸಿ ಮಾಡುತ್ತಾರೆ.

ದುರಗೇಶ ಅವರು ಚೌಕಾಸಿ ಮಾಡಲಿಲ್ಲ. ಅದಕ್ಕೇ ಕೋಲು ಅವರಿಗಲ್ಲ ಎಂದುಕೊಂಡೆ.

ಗಂಗಾವತಿಯಲ್ಲಿ ಆನೆಗೊಂದಿ ರಸ್ತೆಯ ಬದಿಗೆ ನಮ್ಮ ಶೆಡ್ಡು. ನಮ್ಮಪ್ಪ ಹುಸೇನಪ್ಪ ನಲವತ್ತು ವರ್ಷ ಇಲ್ಲಿ ಹೊರಸಿನ ಕಾಲು, ತೊಟ್ಟಿಲ ಕಂಬ ಕಡೆದವನು. ಅವನ ಕೈ ನಡುಗತೊಡಗಿದ ಮೇಲೆ ಉಳಿ ನನ್ನ ಕೈಗೆ ಬಂತು. ತೊಟ್ಟಿಲು ಕೇಳುವವರು ಕಡಿಮೆಯಾದರು. ಜಾಲಿ ಕಟ್ಟಿಗೆಯಲ್ಲಿ ಬಿರುಕು, ಹುಳ ಕೊರೆದ ತೂತು ಬಹಳ. ಬೇರೆಯವರು ಅದನ್ನು ಒಲೆಗೆ ಹಾಕುತ್ತಾರೆ. ನಾನು ಆ ಬಿರುಕಿಗೆ ಬಣ್ಣದ ರೆಸಿನ್ ಹೊಯ್ದು, ಗಟ್ಟಿಯಾದ ಮೇಲೆ ಲೇತ್ ಮಷೀನಿಗೆ ಕಟ್ಟಿ, ತಿರುಗಿಸಿ ಕಡೆಯುತ್ತೇನೆ. ಫೋನಿನಲ್ಲಿ ನೋಡಿ ಕಲಿತದ್ದು.

ನನ್ನನ್ನು ನೋಡಲು ಎರಡು ಮನೆಯವರು ಬಂದು ಹೋಗಿದ್ದರು. ಮೈತುಂಬ ಕಟ್ಟಿಗೆ ಪುಡಿ ಮಾಡಿಕೊಂಡು ಮಷೀನು ಓಡಿಸುವ ಹುಡುಗಿ ಬೇಡವೆಂದರು ಒಬ್ಬರು. ಮಷೀನು ಮಾರಿ ಬರಲಿ ಎಂದರು ಇನ್ನೊಬ್ಬರು. ಆಗ ನನಗೆ ಇಪ್ಪತ್ತೊಂಬತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ದುರಗೇಶ ಅವರು ಬಂದರು. ಲೇತ್ ಓಡುತ್ತಿತ್ತು, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ಅವರು ಹೇಗೆ ನಡೆದು ಬಂದರೋ ನಾನು ನೋಡಲಿಲ್ಲ. ತಲೆ ಎತ್ತಿದಾಗ ಕಂಬ ಹಿಡಿದು ನಿಂತಿದ್ದರು. ತಮ್ಮ ತಾತನಿಗೆ ಒಂದು ಕೋಲು ಬೇಕು, ತಾತ ಬರುವ ಹಾಗಿಲ್ಲ, ತಾನೂ ತಾತನೂ ಒಂದೇ ಎತ್ತರ, ತನ್ನ ಅಳತೆ ಹಿಡಿದರೆ ಸಾಕು ಎಂದರು.

ಅಳತೆ ಸುಲಭ. ಮನುಷ್ಯ ನೆಟ್ಟಗೆ ನಿಂತು ಕೈ ಇಳಿಬಿಡಬೇಕು. ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟೋ ಅಷ್ಟೇ ಕೋಲು. ನಾನು ಟೇಪಿನ ತುದಿಯನ್ನು ಅವರ ಮಣಿಕಟ್ಟಿಗೆ ಒತ್ತಿ ಹಿಡಿದೆ. ಅಲ್ಲಿ ನಾಡಿ ಜೋರಾಗಿ ಬಡಿಯುತ್ತಿತ್ತು. ಅವರು ಮೇಲಿನ ತಗಡನ್ನೇ ನೋಡುತ್ತಿದ್ದರು. ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ಕಟ್ಟಿಗೆ ಪುಡಿ ಚುಚ್ಚುತ್ತದೆಂದು ಎತ್ತಿದ್ದಾರೆ, ನಾಜೂಕಿನ ಮನುಷ್ಯ ಎಂದು ಮನಸ್ಸಿನಲ್ಲೇ ನಕ್ಕೆ.

ಬಣ್ಣ ಯಾವುದು ಎಂದು ಕೇಳಿದೆ.

“ನಾಟಿ ಮಾಡಿ ತಿಂಗಳಾದ ಗದ್ದಿ ಇರತೈತಲ್ರಿ, ಆ ಹಸಿರು. ಬಿತ್ತಿದ್ದಲ್ಲ, ಕೊಯ್ಯೂದಲ್ಲ, ತಿಂಗಳಿಂದು.”

ಹಸಿರು ಎಂದರೆ ಹಸಿರು ಎನ್ನುವವರನ್ನೇ ನೋಡಿದವಳು ನಾನು. ಆ ಮಾತಿಗೆ ಅವರ ಮುಖ ನೋಡಿದೆ. ಆಗ ಅವರೂ ತಗಡು ಬಿಟ್ಟು ನನ್ನನ್ನು ನೋಡಿದರು. ಕನ್ನಡಕದೊಳಗೆ ನನ್ನ ಕಣ್ಣು ಎಷ್ಟು ಕಂಡವೋ ಗೊತ್ತಿಲ್ಲ, ಆದರೆ ಅವರು ಬೇಗ ದೃಷ್ಟಿ ತೆಗೆಯಲಿಲ್ಲ.

ಆಮೇಲೆ ಎರಡು ದಿನಕ್ಕೊಮ್ಮೆ ಬರತೊಡಗಿದರು. ತಾತನ ಕೋಲು ಎಲ್ಲಿಗೆ ಬಂತು ಎಂಬುದು ನೆಪ. ನಾನು ಲೇತಿಗೆ ಬಗ್ಗಿದ್ದಾಗಲೇ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅಪ್ಪನ ಜೊತೆ ಹರಟುವರು, ನಾನು ಬಗ್ಗಿದ್ದಾಗಲೇ ಎದ್ದು ಹೋಗುವರು, ಅಪ್ಪನನ್ನು ಕಾಕಾ ಎನ್ನುವರು. ಮೊದಲು ಯಲಬುರ್ಗಾ ಕಡೆ ಲೈನ್‌ಮನ್ ಆಗಿದ್ದರಂತೆ, ಈಗ ಗಂಗಾವತಿಯ ಆಫೀಸಿನಲ್ಲಿ ಟೇಬಲ್ ಕೆಲಸ. ಯಾಕೆ ಎಂದು ಅಪ್ಪ ಕೇಳಿದರೆ ಮಾತು ಬೇರೆ ಕಡೆ ಹೊರಳಿಸುವರು.

ಒಂದು ದಿನ ಲೇತ್ ಗಕ್ಕನೆ ನಿಂತಿತು. ಫ್ಯೂಸ್ ಹೋಗಿತ್ತು. ನಾನು ಏಳುವುದರೊಳಗೆ ಅವರು ಕುಳಿತಲ್ಲಿಂದಲೇ ಕೈ ಚಾಚಿ ಫ್ಯೂಸ್ ಕಿತ್ತು, ಶರ್ಟಿನ ಜೇಬಿನಿಂದ ತಾಮ್ರದ ತಂತಿ ತೆಗೆದು ಹೊಸ ಎಳೆ ಕಟ್ಟಿದರು. ಟೇಬಲ್ ಕೆಲಸದವರು ಜೇಬಿನಲ್ಲಿ ತಂತಿ ಯಾಕೆ ಇಟ್ಟುಕೊಳ್ಳುತ್ತೀರಿ ಎಂದೆ. ಕಂಬ ಬಿಟ್ಟರೂ ಜೇಬು ಬಿಟ್ಟಿಲ್ಲ ಎಂದು ನಕ್ಕರು. ಉಳಿದ ಗೇಣುದ್ದ ಎಳೆಯನ್ನು ನನ್ನ ಕೈಯಲ್ಲಿಟ್ಟು, ಮತ್ತೆ ಹೋದರೆ ಇರಲಿ ಎಂದರು. ಅದನ್ನು ಬಣ್ಣದ ಡಬ್ಬಿಯಲ್ಲಿ ಇಟ್ಟೆ. ಆಮೇಲೆ ಎರಡು ಸಲ ಫ್ಯೂಸ್ ಹೋಯಿತು. ಎರಡೂ ಸಲ ಅಂಗಡಿಯಿಂದ ಬೇರೆ ತಂತಿ ತಂದೆ.

ಮಾರ್ಚಿನಲ್ಲಿ ಕೋಲು ಮುಗಿಯಿತು. ಕಪ್ಪು ಜಾಲಿಯ ನಡುವೆ ಗದ್ದೆಯ ಹಸಿರು ಕಾಲುವೆಯ ಹಾಗೆ ಬಳುಕಿ ಹರಿದಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ದುಡ್ಡು ಕೊಟ್ಟು ಹೋದರು. ಒಂದು ತಿಂಗಳು ಬರಲಿಲ್ಲ. ತಾತನ ಕೋಲು ಮುಗಿದ ಮೇಲೆ ಬರಲು ಅವರಿಗೆ ಏನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಾಗಿಲ ಪಕ್ಕದ ಸ್ಟೂಲನ್ನು ಮಾತ್ರ ಎತ್ತಿಡಲಿಲ್ಲ.

ಏಪ್ರಿಲಿನ ಒಂದು ಗುರುವಾರ ಬೆಳಿಗ್ಗೆ ಕೋಲಿನ ಸಮೇತ ಬಂದರು. ಕೋಲು ಒಂದಿಂಚು ಗಿಡ್ಡವಾಗಿದೆ, ತಾತನಿಗೆ ಸೊಂಟ ನೋಯುತ್ತಿದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಅಳತೆಯಲ್ಲಿ ನಾನು ತಪ್ಪುವವಳಲ್ಲ. ತಿರುಗಿ ಅಳೆದೆ, ಪುಸ್ತಕದಲ್ಲಿ ಬರೆದಷ್ಟೇ ಇತ್ತು. ನಿಮ್ಮ ತಾತ ನೆಟ್ಟಗೆ ನಿಲ್ಲುತ್ತಾರೋ ಇಲ್ಲವೋ ಎಂದು ಕೇಳುತ್ತ ಬಾಗಿಲಾಚೆ ಕಣ್ಣು ಹಾಯಿಸಿದೆ.

ನಮ್ಮ ಶೆಡ್ಡಿನೊಳಗೆ ಯಾರೂ ಚಪ್ಪಲಿ, ಬೂಟು ಮೆಟ್ಟಿಕೊಂಡು ಬರುವುದಿಲ್ಲ. ಲೇತಿನ ತಲೆಯ ಮೇಲೆ ಹುಲಿಗೆಮ್ಮನ ಫೋಟೋ ಇದೆ, ಮಂಗಳವಾರ, ಶುಕ್ರವಾರ ಮಷೀನಿಗೆ ಕುಂಕುಮ ಹಚ್ಚುತ್ತೇವೆ. ಬಂದವರು ತಾವಾಗಿಯೇ ಹೊರಗೆ ಬಿಡುತ್ತಾರೆ. ಬಾಗಿಲಾಚೆ ಒಂದು ಜೊತೆ ಕರಿ ಬೂಟು ಇತ್ತು. ಬಲದ್ದು ಎಲ್ಲರ ಬೂಟಿನ ಹಾಗೆ. ಎಡದ್ದಕ್ಕೆ ಮಾತ್ರ ತಳದಲ್ಲಿ ಹೆಚ್ಚಿನ ಅಟ್ಟೆ ಹೊಲಿಸಿತ್ತು, ಎರಡು ಬೆರಳು ದಪ್ಪ.

ಮೇಲೆತ್ತಿದ ಆ ಹಿಮ್ಮಡಿ ನೆನಪಾಯಿತು. ತಪ್ಪು ನನ್ನದೇ. ಬೂಟು ಹಾಕಿ ನಡೆಯುವವರನ್ನು ಬೂಟಿನಲ್ಲೇ ನಿಲ್ಲಿಸಿ ಅಳೆಯಬೇಕು. ಹಳ್ಳಿಯ ಮುದುಕರಿಗೆ ಕೋಲು ಮಾಡಿ ಮಾಡಿ, ಬರಿಗಾಲಿನ ಅಳತೆಯೇ ಅಳತೆ ಎಂದುಕೊಂಡಿದ್ದೆ.

ಆದರೆ ನೋಡಿದ್ದನ್ನು ಹೇಳಲಿಲ್ಲ. ತಾತನ ಮೆಟ್ಟು ತಂದರೆ ಅದರ ಲೆಕ್ಕ ಹಿಡಿದು ಸರಿಮಾಡುತ್ತೇನೆ ಎಂದೆ. ಅವರು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಬೂಟನ್ನು ಕೈಯಲ್ಲಿ ಹಿಡಿದು ಒಳಗೆ ಬಂದರು. ಬಲದ ಬೂಟು. ತಾತನ ಬೂಟು ಗಾಡಿಯಲ್ಲೇ ಇತ್ತು ಎಂದರು.

“ನಿಮ್ಮ ತಾತ ಲೈನ್‌ಮನ್ ಬೂಟು ಹಾಕ್ತಾರೇನ್ರಿ? ಎಂಬತ್ತು ವರ್ಷಕ್ಕ?”

ಅವರ ಕಿವಿ ಕೆಂಪಾದವು. ಆಮೇಲೆ ನಕ್ಕರು, ನಗುತ್ತಲೇ ಸ್ಟೂಲಿನ ಮೇಲೆ ಕುಸಿದರು. ತಾತ ಸತ್ತು ಹನ್ನೊಂದು ವರ್ಷವಾಯಿತು ಎಂದರು.

ಆಗ ಎಲ್ಲ ಹೇಳಿದರು. ಬೇವೂರಿನ ಹತ್ತಿರ ಕಂಬದ ಮೇಲಿದ್ದಾಗ ಕಾಲು ಜಾರಿ ಬಿದ್ದಿದ್ದರು. ತೊಡೆಯ ಎಲುಬು ಕೂಡಿತು, ಆದರೆ ಕಾಲು ಗಿಡ್ಡವಾಗಿ ಕೂಡಿತು. ಕಂಬ ಹತ್ತುವ ಕೆಲಸ ಹೋಯಿತು. ಈಗ ಭಾನುವಾರ ಕುಷ್ಟಗಿಗೆ ಹೆಣ್ಣು ನೋಡಲು ಹೋಗಬೇಕು. ತಾಯಿ ಹೊಳಿಯಮ್ಮ, ಸೋದರಮಾವ ಇಬ್ಬರೂ ಕೂಡಿ ಒಂದು ಉಪಾಯ ಮಾಡಿದ್ದಾರೆ: ಕೋಲು ಮನೆಯಲ್ಲೇ ಬಿಡುವುದು, ಕಾರನ್ನು ಬಾಗಿಲ ಮುಂದೆಯೇ ನಿಲ್ಲಿಸುವುದು, ಮಾವನ ಹೆಗಲು ಹಿಡಿದು ಎರಡು ಹೆಜ್ಜೆಗೆ ಒಳಗೆ ಹೋಗಿ, ಹುಡುಗಿ ಬರುವ ಮುಂಚೆ ಕುಳಿತುಬಿಡುವುದು. ಕಾಲು ಸ್ವಲ್ಪ ಉಳುಕಿದೆ ಎಂದಷ್ಟೇ ಆ ಕಡೆಯವರಿಗೆ ಹೇಳಿದ್ದಾರೆ.

“ಕುಂತಾವನ್ನ ನೋಡಿ ಹೂಂ ಅಂದಾಕಿ, ನಾ ಎದ್ದಾಗ ಏನಂತಾಳ್ರಿ?” ಎಂದರು. “ನಾ ನಡಕೊಂಡ ಹೋಗ್ತೀನಿ. ಈ ಕೋಲು ಹಿಡದ ಹೋಗ್ತೀನಿ. ಭಾನುವಾರಕ್ಕ ಸರಿ ಮಾಡಿ ಕೊಡ್ರಿ.”

ಕೋಲನ್ನು ಕೈಗೆ ತೆಗೆದುಕೊಂಡೆ. ಅದು ಇದ್ದಕ್ಕಿದ್ದಂತೆ ಭಾರವಾಗಿತ್ತು.

ರೆಸಿನ್ ಪೂರ್ತಿ ಗಟ್ಟಿಯಾಗಲು ಮೂರು ದಿನ ಬೇಕು. ಗುರುವಾರ ಹೊಯ್ದರೆ ಭಾನುವಾರ ಬೆಳಿಗ್ಗೆ. ಆಗುವುದಿಲ್ಲ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೋಲಿಲ್ಲದೆ ಹೋಗಿ ಕುಳಿತು ಬರುತ್ತಿದ್ದರು, ಅಥವಾ ಹೋಗುತ್ತಲೇ ಇರಲಿಲ್ಲ. ಎರಡನೆಯದನ್ನೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಡೆದೇ ಹೋಗುತ್ತೇನೆ ಎನ್ನುವ ಮನುಷ್ಯನ ಕೋಲು ಹಿಡಿದಿಟ್ಟು ಅವನನ್ನು ನಿಲ್ಲಿಸಿಕೊಂಡರೆ, ಆ ಸೋದರಮಾವನಿಗೂ ನನಗೂ ವ್ಯತ್ಯಾಸವೇನು? ಭಾನುವಾರ ಏಳಕ್ಕೆ ಬರಲು ಹೇಳಿದೆ.

ಹಿಡಿಕೆಯ ಕೆಳಗೆ ಕೋಲನ್ನು ಕತ್ತರಿಸಿದೆ. ನಡುವೆ ಉಕ್ಕಿನ ಕಡ್ಡಿ ಕೂರಿಸಿ, ಸುತ್ತ ಒಂದಿಂಚಿನ ರೆಸಿನ್ ಉಂಗುರ ಎರೆಯಬೇಕು. ಅಪ್ಪ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ.

“ತುದಿಗೆ ದಪ್ಪನ್ನ ರಬ್ಬರ್ ಹಾಕಿದ್ರ ಹತ್ತು ನಿಮಿಷದ ಕೆಲಸ ಇತ್ತಲ್ಲವಾ,” ಎಂದ.

“ಜಾರತೈತಪ್ಪ.”

“ಹೌದೌದು. ಜಾರಿದ್ದು ಕಾಣಾಕತ್ತೈತಿ,” ಎಂದು ಬೀಡಿ ಹಚ್ಚಿದ.

ನಮ್ಮ ಬಿಸಿಲಿಗೆ ರೆಸಿನ್ ಬೇಗ ಕುದಿದು ಗುಳ್ಳೆ ಏಳುತ್ತದೆ, ಅದಕ್ಕೆ ಎಂದಿನಂತೆ ಅಚ್ಚನ್ನು ಹಸಿ ಮರಳಿನಲ್ಲಿ ಹೂತೆ. ಬಣ್ಣದ ಡಬ್ಬಿ ತೆರೆದಾಗ ಆ ತಾಮ್ರದ ಎಳೆ ಕಂಡಿತು. ಅದನ್ನು ಉಕ್ಕಿನ ಕಡ್ಡಿಗೆ ಏಳು ಸುತ್ತು ಸುತ್ತಿ, ಮೇಲೆ ತಿಳಿ ಹಸಿರು ಎರೆದೆ. ರೆಸಿನ್ ಒಳಗೆ ಹಾಕಿದ್ದನ್ನು ಮತ್ತೆ ಹೊರಗೆ ತೆಗೆಯಲು ಬರುವುದಿಲ್ಲ. ಗೊತ್ತಿದ್ದೇ ಹಾಕಿದೆ. ಅವರ ಜೀವನದಲ್ಲಿ ನನ್ನದೆಂದು ಅಷ್ಟಾದರೂ ಇರಲಿ ಎಂದು.

ಭಾನುವಾರ ಏಳಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊರಗೆ ಕಾರಿನಲ್ಲಿ ಮಾವ. ಕೋಲು ಕೊಟ್ಟು, ಒಳ್ಳೆಯದಾಗಲಿ ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು, ಮಾವ ಹಾರ್ನ್ ಹೊಡೆದರು.

ಅವತ್ತು ಲೇತ್ ಓಡಿಸಲಿಲ್ಲ. ಉಳಿಗಳನ್ನೆಲ್ಲ ಸಾಣೆ ಹಿಡಿದೆ. ಸಾಣೆ ಬೇಡದವಕ್ಕೂ ಹಿಡಿದೆ.

ನಾಲ್ಕು ಗಂಟೆಗೆ ಬಾಗಿಲಾಚೆ ಕೋಲಿನ ಸದ್ದು ಕೇಳಿತು. ಅವರು ಒಬ್ಬರೇ ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಇವತ್ತು ಬೂಟು ಬಿಡುವುದಿಲ್ಲ, ಬೂಟಿನಲ್ಲೇ ಎತ್ತರ ಸರಿ ಇದೆಯೋ ನೀವೇ ಹೊರಗೆ ಬಂದು ನೋಡಿ ಎಂದರು. ಹೋದೆ. ಬಿಸಿಲಲ್ಲಿ ನೆಟ್ಟಗೆ ನಿಂತಿದ್ದರು. ಎಡಗಾಲಿನ ಹಿಮ್ಮಡಿ ನೆಲದ ಮೇಲೆ ಇತ್ತು. ಮಣಿಕಟ್ಟಿನ ಗೆರೆ ನೋಡಲು ಬಗ್ಗಿದೆ. ಹಿಡಿಕೆಗೆ ಸರಿಯಾಗಿ ಕೂತಿತ್ತು. ಸರಿಯಾಗಿದೆ ಎಂದೆ, ಆದರೂ ಬೇಗ ಏಳಲಿಲ್ಲ. ಕಣ್ಣು ಎತ್ತಿದರೆ ಏನು ಕಾಣುತ್ತದೋ ಎಂಬ ಅಂಜಿಕೆ.

ಕುಷ್ಟಗಿಯಲ್ಲಿ ಏನಾಯಿತೆಂದು ಅವರೇ ಹೇಳಿದರು. ಓಣಿಯ ಆಚೆ ಕಾರು ನಿಲ್ಲಿಸಿ, ಎಲ್ಲರ ಎದುರಿಗೆ ನಡೆದು ಹೋದರಂತೆ. ಮಾವ ಸಿಟ್ಟಿನಿಂದ ಮಾತು ಬಿಟ್ಟರು. ಆದರೆ ಹುಡುಗಿಯ ಅಜ್ಜಿ ಕೋಲನ್ನು ಇಸಿದುಕೊಂಡು, ಯಾರು ಮಾಡಿದ್ದು ಎಂದು ಕೇಳಿದಳು. ಇವರು ಹೇಳಿದರು. ಜಾಲಿ ಕಟ್ಟಿಗೆಯಿಂದ ಶುರುಮಾಡಿ, ಹಸಿ ಮರಳಿನವರೆಗೂ ಹೇಳಿದರು. ಚಹಾ ಆರಿಹೋಯಿತು. ಕೊನೆಗೆ ಹುಡುಗ, ಹುಡುಗಿ ಇಬ್ಬರೇ ಮಾತಾಡಲಿ ಎಂದು ಹಿರಿಯರು ಎದ್ದರು. ಸಹನಾ ಎಂದು ಆ ಹುಡುಗಿಯ ಹೆಸರು, ಕಿರಾಣಿ ಅಂಗಡಿಯ ಲೆಕ್ಕ ನೋಡುವವಳು, ಚುರುಕು.

“ಆಕಿ ಏನಂದ್ಲು ಗೊತ್ತೇನ್ರಿ? ನಿಮ್ಮ ಕಾಲು ನಂಗೇನು ತ್ರಾಸ ಇಲ್ಲ. ಆದ್ರ ಬಂದು ಒಂದ ತಾಸ ಆತು, ಕೋಲು ಮಾಡಿದಾಕಿ ಹೆಸರು ಹನ್ನೆರಡು ಸಲ ಹೇಳೀರಿ. ನನ್ನ ಹೆಸರು ಇನ್ನೂ ಕೇಳಿಲ್ಲ, ಅಂದ್ಲು.”

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಅವರು ಕೋಲನ್ನು ಬಿಸಿಲಿಗೆ ಎತ್ತಿ ಹಿಡಿದರು. ಹಸಿರಿನೊಳಗೆ ತಾಮ್ರ ಮಿಂಚಿತು. ಆಕೆಯ ಮನೆಯ ಅಂಗಳದಲ್ಲಿ ಇದು ಕಂಡಿತು, ಸಂಬಂಧದ ಮಾತೂ ಅಲ್ಲಿಯೇ ನಿಂತುಹೋಯಿತು ಎಂದರು. ತಾನು ಫ್ಯೂಸಿಗೆಂದು ಕೊಟ್ಟ ಎಳೆ ಇಲ್ಲಿ ಯಾಕೆ ಬಂತು ಎಂದು ಕೇಳಿದರು.

ಬೇರೆ ತಂತಿ ಇರಲಿಲ್ಲ ಎಂದೆ. ಅವರು ನನ್ನ ಹೆಗಲ ಮೇಲಿಂದ ಶೆಡ್ಡಿನೊಳಗೆ ನೋಡಿದರು. ಮೊಳೆಗೆ ತಾಮ್ರದ ತಂತಿಯ ಇಡೀ ಸುರುಳಿ ತೂಗುತ್ತಿತ್ತು.

“ಅದು ಐತಿ,” ಎಂದೆ. “ಆದ್ರ ಅದು ನೀವು ಕೊಟ್ಟದ್ದಲ್ಲ.”

ರಸ್ತೆಯಲ್ಲಿ ಭತ್ತದ ಲಾರಿಯೊಂದು ಹೋಯಿತು, ಧೂಳು ಎದ್ದು ಕೂತಿತು. ಅವರ ಕೈ ಹಿಡಿಕೆಯ ಮೇಲಿತ್ತು. ನಾನು ನನ್ನ ಕೈಯನ್ನು ಅದರ ಮೇಲೆ ಇಟ್ಟೆ. ಈ ಸಲ ಅಳತೆಗಲ್ಲ. ನಾಡಿ ಮೊದಲ ದಿನದ ಹಾಗೆಯೇ ಬಡಿಯುತ್ತಿತ್ತು.

“ಲೇತ್ ಬಿಡಂಗಿಲ್ಲ ನಾನು. ಮೊದ್ಲ ಹೇಳ್ತೀನಿ.”

“ಬಿಡು ಅಂದಾವ್ರು ಯಾರು? ನೀವು ಓಡಸ್ರಿ, ಫ್ಯೂಸ್ ನಾ ನೋಡ್ಕೋತೀನಿ.”

ಒಳಗಿನಿಂದ ಅಪ್ಪ, ಚಹಾಕ್ಕೆ ಹಾಲು ಎರಡು ಲೋಟಕ್ಕೋ ಮೂರಕ್ಕೋ ಎಂದು ಕೂಗಿ ಕೇಳಿದ. ಮೂರಕ್ಕೆ ಎಂದರು ಅವರು.

ಶ್ರಾವಣದಲ್ಲಿ ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ನಮ್ಮ ಮದುವೆಯಾಯಿತು. ಹೊಳಿಯಮ್ಮತ್ತೆ ಮೊದಲು ಮುಖ ಬಿಗಿದುಕೊಂಡಿದ್ದರು, ಈಗ ಅವರೇ ಪಾಲಿಶ್ ಮಾಡಲು ಕೂರುತ್ತಾರೆ. ಸೋದರಮಾವ ಇನ್ನೂ ಮಾತಾಡುವುದಿಲ್ಲ. ಬಾಗಿಲಾಚೆ ಒಂದು ಕಲ್ಲು ಹಾಸಿದ್ದೇನೆ. ಮೆಟ್ಟು ಹಾಕಿ ನಡೆಯುವವರನ್ನು ಅಲ್ಲಿಯೇ ನಿಲ್ಲಿಸಿ ಅಳೆಯುತ್ತೇನೆ.

ಅವರ ಕಾಲು ಉದ್ದವಾಗಲಿಲ್ಲ, ಆಗುವುದೂ ಇಲ್ಲ. ಕಂಬ ಹತ್ತುವ ಕೆಲಸ ಹೋದದ್ದು ಹೋಯಿತು. ಗಾಳಿಮಳೆಗೆ ಊರಿನ ಕರೆಂಟು ಹೋದಾಗ ಅವರು ಕಿಟಕಿಯ ಹತ್ತಿರ ಸುಮ್ಮನೆ ನಿಲ್ಲುವುದನ್ನು ನಾನು ನೋಡುತ್ತೇನೆ. ನಾನು ಒಂದು ಗೇಣು ತಾಮ್ರದ ಎಳೆ ಕಳೆದುಕೊಂಡೆ, ಅವರನ್ನು ಪಡೆದೆ.