ಮುಟ್ಟಬಾರದ ಮಿಷನ್ನು, ಮುದ್ರೆ ಬೀಳದ ವೀಸಾ

ಅಮಾವಾಸ್ಯೆಯ ಸಂಜೆ ರಾಯದುರ್ಗದ ನಿವೃತ್ತ ಪೊಲೀಸ್ ಜಮಾದಾರ ಪಂಚಾಕ್ಷರಯ್ಯನವರ ಜಗಲಿಗೆ ನೇತ್ರಾ ಓಡಿಬಂದಳು. ಅವರ ನೆರಳಿನಂತಿದ್ದ ಪೆದ್ದಣ್ಣ ಅವಳ ಮುಖ ಕಂಡು ಬಾಯಲ್ಲಿದ್ದ ಎಲೆಯಡಿಕೆ ಜಗಿಯುವುದನ್ನೇ ಮರೆತ.

"ಅಜ್ಜಾರ, ಮಾವನ ಕಾರ್ಖಾನ್ಯಾಗ ಪೂಜಿಗಂತ ಹೊಲಿಗಿ ಮಿಷನ್ ಮುಂದ ಇಟ್ಟ ಪಾಸ್‌ಪೋರ್ಟ್ ಕಳುವಾಗೈತ್ರಿ! ಥಾಯ್ಲೆಂಡಿನ ಕೆಲಸದ ವೀಸಾಕ್ಕ ನಾಳೆನ ಕೊನೇ ದಿನ. ಇವತ್ತ ರಾತ್ರಿ ಬೆಂಗಳೂರು ಬಸ್ ಹಿಡಿದು ನಾಳೆ ವಿಮಾನ ಹತ್ತಬೇಕು."

"ಆ ವೀಸಾ ಒಂದ ಸಲ ಹೋಗಾಕಷ್ಟ ಅಂತ, ಹ್ವಾದ ತಿಂಗಳು ಹೋಗಿಬಂದಾಗನ ಮುಗೀತಂತಲ್ಲವ್ವ?" ಎಂದ ಪೆದ್ದಣ್ಣ.

"ಇಲ್ರಿ. ಬಟ್ಟಿ ನೋಡಾಕಂತ ಮಾವ ಥಾಯ್ಲೆಂಡಿಗೆ ಕರಕೊಂಡು ಹ್ವಾದಾಗ, ನಾಕು ದಿನಕ್ಕ ವೀಸಾ ಬ್ಯಾಡ ಅಂತ ಅಲ್ಲಿನ ಅಧಿಕಾರಿ ಬರೇ ಪ್ರವೇಶದ ಮುದ್ರಿ ಒತ್ತಿದ. ವೀಸಾ ಹಂಗ ಉಳೀತು. ದೃಷ್ಟಿ ಆದೀತಂತ ಯಾರಿಗೂ ಹೇಳಲಿಲ್ಲ. ಎಲ್ಲಾರಿಗೂ ಹೊಸ ವೀಸಾದ ಅರ್ಜಿಗೆ ಚೆನ್ನೈಗೆ ಹೊಂಟೀನಿ ಅಂತ ಸುಳ್ಳ ಹೇಳಿದೆ."

"ಹಂಗಾರ ಮತ್ತ ವೀಸಾ ಇಲ್ದನ ಹೋಗಬಹುದಲ್ಲ, ಪಾಸ್‌ಪೋರ್ಟ್ ಸಿಕ್ಕಮ್ಯಾಲೆ?"

"ತಿರುಗ್ಯಾಡಾಕ ಬಿಡ್ತಾರ್ರಿ, ದುಡಿಯಾಕ ಬಿಡಲ್ಲ. ನಾಳೆ ತಪ್ಪಿದ್ರ ನನ್ನ ಬಾಳ ತಪ್ಪಿದಂಗ."

ಮೂವರೂ ಅವಳ ಸೋದರಮಾವ ಭಾನುಪ್ರಕಾಶನ ಜೀನ್ಸ್ ಕಾರ್ಖಾನೆಗೆ ಬಂದರು. ಅಲ್ಲಿ ಪೂಜೆಯಾದಮೇಲೆ ನೇತ್ರಾಳ ಹೊರತು ಯಾರೂ ಹೊಸ್ತಿಲು ದಾಟಿರಲಿಲ್ಲ. ಅವಳ ತಾಯಿ ರಾಮಾಂಜಿನಮ್ಮ ಅಳುತ್ತಿದ್ದಳು. ಅದೇ ಕೆಲಸಕ್ಕೆ ಆಸೆಪಟ್ಟಿದ್ದ ಟೈಲರ್ ಸಾಯಿಕುಮಾರ್ ಸಿಡುಕಿದ: "ಎಲ್ಲಾರೂ ನನ್ನ ಹೆಗಲ ನೋಡ್ತೀರಿ. ಕುಂಬಳಕಾಯಿ ನಾ ಕದ್ದಿಲ್ರಿ!" ಭಾನುಪ್ರಕಾಶನಂತೂ ಬಟ್ಟೆಯ ಮೂಟೆಗಳನ್ನೆಲ್ಲ ಬಿಚ್ಚಿ ಹುಡುಕಿ ಬೆವತಿದ್ದ.

ಪಂಚಾಕ್ಷರಯ್ಯ ಹೂ ಮುಡಿದ ಮಿಷನ್ನುಗಳತ್ತ ನಡೆದರು.

"ಪೂಜಿ ಮಾಡಿದ್ದನ್ನ ಬೆಳಗಾಗೋತನ ಮುಟ್ಟಬಾರದ್ರಿ!" ರಾಮಾಂಜಿನಮ್ಮ ಚೀರಿದಳು.

ಅವರು ಕೈಮುಗಿದು ಒಂದೊಂದರ ತಲೆಯನ್ನೇ ಹಿಂದಕ್ಕೆ ಮಗುಚಿದರು. ಮೂರನೆಯದರ ಕೆಳಗಿನ ಎಣ್ಣೆ ತಟ್ಟೆಯಲ್ಲಿ, ಚಿಂದಿಯಲ್ಲಿ ಸುತ್ತಿದ ಪಾಸ್‌ಪೋರ್ಟ್!

ಎಲ್ಲರನ್ನೂ ಕೂರಿಸಿ ಅವರು ಹೇಳಿದರು: "ಎಲ್ಲಾ ಕಡೆ ಹುಡುಕ್ಯಾರ, ಮುಟ್ಟಬಾರದ್ದನ್ನ ಬಿಟ್ಟು. ಆದ್ರ ನಾಳೆ ಮಿಷನ್ ಬಿಚ್ಚಿದ್ರ ಇದು ಸಿಗ್ತಿತ್ತು. ಅಂದ್ರ ಕಳ್ಳಗ ಒಂದು ರಾತ್ರಿ ಸಾಕಿತ್ತು. ವೀಸಾ ಮುಗಿದೈತಿ ಅಂತ ನಂಬಿದ ತಾಯಿಗಾಗ್ಲಿ, ಸಾಯಿಕುಮಾರಗಾಗ್ಲಿ ಅಂಥ ಅವಸರ ಎಲ್ಲೀದು? ನಾಳೆಯ ಗಡುವು ಗೊತ್ತಿದ್ದದ್ದು, ಆ ಅಧಿಕಾರಿ ಮುಂದ ನೇತ್ರಾನ ಪಕ್ಕ ನಿಂತು, ವೀಸಾ ಉಳಿದದ್ದು ಕಂಡವನಿಗೆ. ಭಾನುಪ್ರಕಾಶ, ನೀ ಬಟ್ಟಿ ನೋಡಾಕ ಅಲ್ಲ, ವೀಸಾ ಖರ್ಚು ಮಾಡಿಸಾಕ ಕರಕೊಂಡು ಹೋಗಿದ್ದಿ. ಅದು ಉಳಕೊಂಡಿತು. ಹೌದಲ್ಲ?"

ಭಾನುಪ್ರಕಾಶ ಮಿಷನ್ನುಗಳತ್ತ ಕೈತೋರಿಸಿದ. "ಇಕಿ ಕತ್ತರಿ ಹಿಡಿದ್ರನ ಈ ಮಿಷನ್ ಓಡ್ತಾವ್ರಿ. ಇಕಿ ಹ್ವಾದ್ರ ಬಾಗಿಲು ಮುಚ್ಚಬೇಕು."

"ಬಾಯಿಬಿಟ್ಟು ಕೇಳಬಹುದಿತ್ತಲ್ಲ, ಮಾವ?"

"ಕೇಳಿದ್ರ ನಿಲ್ತಿದ್ದೇನವ್ವ?"

"ನಿಲ್ತಿದ್ದೆ" ಎಂದಳು ನೇತ್ರಾ, ಪಾಸ್‌ಪೋರ್ಟಿನ ಎಣ್ಣೆಯನ್ನು ದುಪಟ್ಟಾದಿಂದ ಒರೆಸುತ್ತ. "ನಿನ್ನೆತನ ಕೇಳಿದ್ರ ನಿಲ್ತಿದ್ದೆ."

ಪೆದ್ದಣ್ಣ ಅವಳ ಬ್ಯಾಗು ಹೆಗಲಿಗೇರಿಸಿ, ಬೆಂಗಳೂರು ಬಸ್ಸಿನ ಕಡೆಗೆ ಮುಂದೆ ನಡೆದ.