ಹದಿನೇಳನೇ ನಂಬರಿನ ಬಿಲ್ಲೆ

"ಮೇಡಂ, ವಿಮಾನ ಮುಟ್ಟಬೇಡಿ!"

ಆ ದನಿ ಕೇಳಿದ್ದೇ ತಡ, ಅವಳಿಗೆ ಅವನ ಗುರುತು ಸಿಕ್ಕಿತು. ಹಳೆಯ ಸರಕು ವಿಮಾನದ ಬಾಗಿಲ ಮೇಲಿಟ್ಟ ಕೈ ಅಲ್ಲೇ ಉಳಿಯಿತು.

ಹನ್ನೊಂದು ವರ್ಷ! ಅವನ ಕಿವಿಯ ಪಕ್ಕ ನರೆ ಇಣುಕಿತ್ತು. ಕೈಯಲ್ಲಿ ಮಾತ್ರ ಅದೇ ಎಣ್ಣೆ ಬಟ್ಟೆ.

"ನೀನಾ?" ಎಂದವನು ಮರುಕ್ಷಣ ಬಿಗಿದುಕೊಂಡ. "ಮ್ಯೂಸಿಯಂ ಮುಚ್ಚೋ ಹೊತ್ತಾಯ್ತು, ಮೇಡಂ."

ಮೇಡಂ! 'ಬೀಗದಕೈ' ಎಂದು ಕರೆದು ರೇಗಿಸುತ್ತಿದ್ದವನ ಬಾಯಲ್ಲಿ ಮೇಡಂ! ಬೈದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಆಗ ಅವನು ದುರಸ್ತಿ ಶೆಡ್ಡಿನಲ್ಲಿ ವಿಮಾನದ ಮೆಕ್ಯಾನಿಕ್. ಅವಳು ಅದೇ ಶೆಡ್ಡಿನ ಉಪಕರಣ ಕೋಣೆಯ ಉಸ್ತುವಾರಿ, ಬೀಗದಕೈ ಸದಾ ಅವಳ ಸೊಂಟದಲ್ಲೇ. ಮೆಕ್ಯಾನಿಕ್ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ತೂಗುಹಾಕಿ ಉಪಕರಣ ಒಯ್ಯಬೇಕು, ಮರಳಿಸಿ ಬಿಲ್ಲೆ ಪಡೆಯಬೇಕು. ಸಂಜೆ ಒಂದು ಬಿಲ್ಲೆ ಮೊಳೆಯಲ್ಲಿ ಉಳಿದರೂ ವಿಮಾನ ಹಾರುವಂತಿಲ್ಲ. ಒಳಗೆ ಮರೆತ ಸ್ಕ್ರೂಡ್ರೈವರ್ ಜೀವ ತೆಗೆದೀತು!

ಅವರ ಮದುವೆಗೆ ಎರಡೇ ತಿಂಗಳಿತ್ತು. ಒಂದು ಸಂಜೆ ಅವನ ಹದಿನೇಳನೇ ನಂಬರಿನ ಬಿಲ್ಲೆ ಮೊಳೆಯಲ್ಲೇ ಉಳಿಯಿತು.

"ಸ್ಕ್ರೂಡ್ರೈವರ್ ನಿನ್ನ ಮೇಜಿನ ಮೇಲೇ ಇಟ್ಟೆ ಕಣೇ!" ಎಂದು ಅವನು ಬಡಕೊಂಡ. ಅವಳು ನಂಬದೆ ದೂರು ಬರೆದಳು. ಇದೇ ವಿಮಾನವನ್ನು ಮೂರು ದಿನ ಬಿಚ್ಚಿ ಹುಡುಕಿದರು. ಏನೂ ಸಿಗಲಿಲ್ಲ, ಅವನ ಕೆಲಸ ಹೋಯಿತು. ಮಾತಾಡಲು ಮನೆಗೆ ಬಂದವನೆದುರು, "ಅವಳು ಮನೇಲಿಲ್ಲ" ಎನ್ನಲು ಅಣ್ಣನನ್ನು ಕಳಿಸಿದ್ದಳು.

ಈಗ ಅವಳು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದಳು. ಜೊತೆಗೆ ಆ ಬಿಲ್ಲೆಯನ್ನೂ.

"ಡ್ರಾಯರ್ ಹಿಂದೆ ಬಿದ್ದಿತ್ತು... ಅವತ್ತು ನೀವು ನಗಿಸ್ತಾ ನಿಂತಿದ್ರಿ. ನಿಮ್ಮ ಮುಖ ನೋಡ್ತಾ ನಾನೇ ಒಳಗೆ ತಳ್ಳಿಬಿಟ್ಟಿದ್ದೆ. ತಪ್ಪು ನಂದೇ ಕಣ್ರೀ!"

"ಯಾವಾಗ ಸಿಕ್ತು?"

ಈ ಪ್ರಶ್ನೆಗೇ ಅವಳು ಹೆದರಿದ್ದಳು.

"ಒಂಬತ್ತು ವರ್ಷ ಆಯ್ತು... ಸಾಹೇಬ್ರಿಗೆ ಹೇಳ್ದೆ. ಹಳೇದು ಕೆದಕಬೇಡ ಅಂದ್ರು, ನಾನೂ ಸುಮ್ಮನಾದೆ. ಯಾವ ಮುಖ ಇಟ್ಕೊಂಡು ಬರಲಿ? ಪೇಪರಲ್ಲಿ ಈ ವಿಮಾನದ ಪಕ್ಕ ನಿಮ್ಮ ಫೋಟೋ ನೋಡಿದ ಮೇಲೆ ತಡ್ಕೊಳ್ಳೋಕಾಗಲಿಲ್ಲ."

"ಕೆಲಸ ಹೋಗಿದ್ದಕ್ಕೆ ನಾನು ಅತ್ತಿಲ್ಲ. ನೀನು ಬಾಗಿಲಿಗೆ ಬರಲಿಲ್ಲವಲ್ಲ..." ಎಂದ ಅವನು.

ಥಟ್ಟನೆ ತಿರುಗಿ ನಡೆದ. ಹೋಗಿಯೇಬಿಟ್ಟ ಎಂದುಕೊಂಡಳು. ಅವನು ಉಪಕರಣ ತೂಗುಹಾಕಿದ್ದ ಗೋಡೆಯ ಹಲಗೆಯೆದುರು ನಿಂತು ಕೈಮಾಡಿ ಕರೆದ. ಪ್ರತಿ ಉಪಕರಣದ ಹಿಂದೆಯೂ ಅದರ ಆಕಾರ ಬರೆದಿತ್ತು. ಒಂದು ಮೊಳೆ ಮಾತ್ರ ಖಾಲಿ. ಅಲ್ಲಿದ್ದದ್ದು ಸ್ಕ್ರೂಡ್ರೈವರಿನ ಆಕಾರ, ಕೆಳಗೆ ಹದಿನೇಳು.

"ಬಂದವರೆಲ್ಲ ಕೇಳ್ತಾರೆ. ಕಳೆದಿಲ್ಲ, ಬರುತ್ತೆ ಅಂತೀನಿ."

ಅವಳು ಸ್ಕ್ರೂಡ್ರೈವರನ್ನು ಆ ಮೊಳೆಗೆ ತೂಗುಹಾಕಿದಳು.

"ನಿಮ್ಮ ಮನೆಯವರು...?"

"ಈ ಮುದಿ ವಿಮಾನ ಬಿಟ್ರೆ ಇನ್ಯಾರಿದ್ದಾರೆ? ನಿಂಗೆ?"

ಇಲ್ಲವೆಂದು ತಲೆಯಾಡಿಸಿದಳು. "ಹೋದ ವರ್ಷಗಳು...?"

"ಅವು ಬರಲ್ಲ." ಅವನು ಸಮಾಧಾನಕ್ಕೂ ಸುಳ್ಳು ಹೇಳಲಿಲ್ಲ.

ಕಣ್ಣೊರೆಸಿಕೊಂಡು ಬಿಲ್ಲೆಯನ್ನು ಅವನತ್ತ ಚಾಚಿದಳು. ಅವನು ಅದನ್ನು ಅವಳ ಅಂಗೈಯಲ್ಲೇ ಬಿಟ್ಟು ಬೆರಳು ಮಡಚಿದ.

"ನಿನ್ನ ಹತ್ರಾನೇ ಇರಲಿ. ಬಿಲ್ಲೆ ಇಲ್ಲದೆ ನಾಳೆ ನಾನು ಕೆಲಸ ಶುರು ಮಾಡೋ ಹಾಗಿಲ್ಲ."

"ಎಷ್ಟು ಗಂಟೆಗೆ ತರಲಿ?"

"ಒಂಬತ್ತಕ್ಕೆ. ಈ ಸಲ ತಡ ಮಾಡಬೇಡ, ಬೀಗದಕೈ."